ಹೀರೆ ಹೂವಿಗೆ ಬಣ್ಣದ ಬ್ರಷ್ಷು

ಪಕ್ಕದ ಮನೆಯ ಎಂಜಿನಿಯರ್ ಸಾಹೇಬರು ಈ ವಾರವಿಡೀ ದೀಪ ಹಚ್ಚುವ ಹೊತ್ತಿಗೆ ತಾರಸಿ ಹತ್ತುತ್ತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಬಿಟ್ಟುಹೋದ ಬಣ್ಣದ ಬ್ರಷ್ಷು. ಚಪ್ಪರಕ್ಕೆ ಹಬ್ಬಿಸಿದ ಹೀರೆ ಬಳ್ಳಿಯ ಮುಂದೆ ನಿಂತು ಗಂಡು ಹೂವಿನ ಪರಾಗವನ್ನು ಬ್ರಷ್ಷಿನ ತುದಿಗೆ ಸವರಿಕೊಳ್ಳುತ್ತಾರೆ. ಬುಡದಲ್ಲಿ ಎಳೆಗಾಯಿ ಹೊತ್ತ ಹೆಣ್ಣು ಹೂವನ್ನು ಹುಡುಕಿ ಅದಕ್ಕೆ ತಟ್ಟುತ್ತಾರೆ. ಆ ತೊಟ್ಟಿಗೆ ಕೆಂಪು ದಾರ ಕಟ್ಟಿ, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಗುರುತು ಹಾಕಿಕೊಳ್ಳುತ್ತಾರೆ. ಜೀವಮಾನವಿಡೀ ಕಾಲುವೆ ಅಳೆದವರು. ಹೂವಿನ ವಿಷಯದಲ್ಲೂ ಲೆಕ್ಕ ತಪ್ಪಬಾರದು.

ಮೊದಲು ನೋಡಿದಾಗ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ. ಮತ್ತೆ ಮತ್ತೆ ನೋಡುತ್ತಾ ಬಂದಂತೆ ನಗು ಕರಗಿತು. ಏಕೆಂದರೆ ಆ ಬ್ರಷ್ಷು ಮಾಡುತ್ತಿರುವ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದವರನ್ನೆಲ್ಲ ಅವರೇ ದುಡ್ಡು ಕೊಟ್ಟು ಕೊಲ್ಲಿಸಿದ್ದರು.

ಔಷಧಿ ಹೊಡೆಯುವ ಹುಡುಗ ಬಂದದ್ದು ಗಣಪತಿ ಬಿಟ್ಟ ಮರುದಿನ. ಬೆನ್ನಿಗೆ ಡಬ್ಬಿ, ಮೂಗಿಗೆ ಕರವಸ್ತ್ರ, ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಏನೂ ಇಲ್ಲ. ಕಾಂಪೌಂಡಿನ ಆಚೆಗೆ ನಿಂತು ಕರಿಬೇವಿನ ಗಿಡವನ್ನು ಬುಡದಿಂದ ತುದಿಯವರೆಗೆ ತೋಯಿಸುತ್ತಿದ್ದ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ನಾನು ಗೋಡೆಯ ಹತ್ತಿರ ಹೋಗಿ, "ಇದರಿಂದ ಜೇನಿಗೆ ಏನೂ ಆಗುವುದಿಲ್ಲವೇನಪ್ಪಾ?" ಎಂದು ಕೇಳಿದೆ.

ಅವನು ಕರವಸ್ತ್ರ ಇಳಿಸಿ, ತುಸು ಆಶ್ಚರ್ಯದಿಂದಲೇ ಹೇಳಿದ: "ಹುಳ ಎಂದ ಮೇಲೆ ಎಲ್ಲವೂ ಹುಳವೇ ಅಲ್ಲವಾ ಮೇಡಂ?"

ಆ ಮಾತು ಇನ್ನೂ ಕಿವಿಯಲ್ಲಿದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ತಾನಾಗಿ ಬರುತ್ತದೆ. ಅವನ ಮೇಲೆ ಸಿಟ್ಟು ಬರಲಿಲ್ಲ. ಡಬ್ಬಿಯೊಳಗಿನ ವಸ್ತುವಿನ ಗುಣವನ್ನು ಅವನಷ್ಟು ಪ್ರಾಮಾಣಿಕವಾಗಿ ಅದರ ಮೇಲಿನ ಚೀಟಿಯೂ ಹೇಳಲಾರದು. ಎಲೆ ತಿನ್ನುವ ಹುಳ, ಆ ಹುಳವನ್ನು ತಿನ್ನುವ ಕಣಜ, ನೀರು ಕುಡಿಯಲು ಬಂದ ಜೇನು, ಮೂಲೆಯ ಜೇಡ ಎಂದು ಅದೇನು ಆರಿಸಿಕೊಳ್ಳುತ್ತದೆಯೇ? "ನಿನಗೆ ಏನೂ ಆಗುವುದಿಲ್ಲವಾ?" ಎಂದು ಕೇಳಿದ್ದಕ್ಕೆ, "ಸಂಜೆ ತಲೆ ನೋಯುತ್ತದೆ. ಮೊಸರನ್ನ ತಿಂದರೆ ಸರಿಹೋಗುತ್ತದೆ" ಎಂದ.

ಆ ಕರಿಬೇವಿನಲ್ಲಿ ಇದ್ದದ್ದಾದರೂ ಏನು? ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳಗಳು. ಶತ್ರುವಿನ ಕಣ್ಣಿಗೆ ಮಣ್ಣೆರಚಲು ಆ ವೇಷ. ದೊಡ್ಡದಾದಂತೆ ಮೈ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲಿನಂಥದೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಕೆಲವೇ ವಾರಗಳಲ್ಲಿ ಇದೇ ಹುಳ ಬಿಳಿ ಚುಕ್ಕೆಗಳ ಸಾಲು ಹೊತ್ತ ಕಪ್ಪು ಚಿಟ್ಟೆಯಾಗಿ ಹಾರುತ್ತದೆ. ಆ ಚಿಟ್ಟೆಯ ಫೋಟೊವನ್ನು ಸಾಹೇಬರೇ ಕಳೆದ ವರ್ಷ ಬಡಾವಣೆಯ ವಾಟ್ಸಾಪ್ ಗುಂಪಿಗೆ ಶುಭೋದಯದೊಂದಿಗೆ ಕಳಿಸಿದ್ದರು. ನಿಂಬೆ, ಕರಿಬೇವು, ಬಿಲ್ವದಂಥ ಒಂದೇ ಕುಲದ ಗಿಡಗಳ ಮೇಲೆ ಮಾತ್ರ ಅದು ಮೊಟ್ಟೆ ಇಡುತ್ತದೆ. ಹುಳ ತಿಂದು ಬೋಳಾದ ಕರಿಬೇವು ಸತ್ತದ್ದನ್ನು ನಾನಂತೂ ಕಂಡಿಲ್ಲ, ಮತ್ತೆ ಚಿಗುರುತ್ತದೆ. ಔಷಧಿಯಲ್ಲಿ ತೋಯ್ದ ಎಲೆಯಾದರೋ ಒಗ್ಗರಣೆಗೆ ಬೀಳುತ್ತದೆ.

ಇನ್ನು ಹೀರೆಯ ವಿಷಯ. ಗುರುವಾರ ಗೋಡೆಯ ಆಚೆಯಿಂದ ಸಾಹೇಬರೇ ಕರೆದರು.

"ನಿಮ್ಮ ಬಳ್ಳಿಯಲ್ಲಿ ಇಷ್ಟು ಕಾಯಿ ಹೇಗಮ್ಮ ಕಟ್ಟುತ್ತಿದೆ? ಯಾವ ಗೊಬ್ಬರ?"

"ಗೊಬ್ಬರವಲ್ಲ ಅಂಕಲ್, ಪತಂಗ."

"ಪತಂಗವಾ? ಅದನ್ನು ಎಲ್ಲಿಂದ ತರಿಸಿದ್ದಮ್ಮ?"

ಇದಕ್ಕೆ ಏನು ಹೇಳುವುದು? "ಕೆಸುವಿನ ಎಲೆಯಿಂದ" ಎಂದೆ. ಅವರು ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ಮುಖ ಗಂಟುಹಾಕಿಕೊಂಡರು. ಅವರ ಸ್ವಭಾವವೇ ಅಂಥದು. ಪ್ರಶ್ನೆ ಕೇಳುವುದರಲ್ಲಿ ಬಿಗುಮಾನವಿಲ್ಲ. ಉತ್ತರ ಮಾತ್ರ ತಮಗೆ ಮೊದಲೇ ಗೊತ್ತಿರಬೇಕು.

ಹೀರೆ ಅರಳುವುದೇ ಸಂಜೆ. ಮಬ್ಬಿನಲ್ಲೂ ಕಾಣುವಂಥ ಹಳದಿ ಹೂವು. ಹಗಲಿನ ಜೇನು ಗೂಡಿಗೆ ಮರಳುವ ಆ ಹೊತ್ತಿನಲ್ಲಿ ಪತಂಗಗಳ ಪಾಳಿ ಶುರುವಾಗುತ್ತದೆ. ನಮ್ಮ ಬಚ್ಚಲ ನೀರು ಹರಿಯುವಲ್ಲಿ ಕೆಸು ಬೆಳೆದಿದೆ. ಅದರ ಎಲೆಯ ಕೆಳಗೆ ಬಾಲದಲ್ಲಿ ಕೊಂಬಿರುವ, ಕತ್ತಿನ ಹತ್ತಿರ ಕಣ್ಣಿನಂಥ ಗುರುತುಗಳಿರುವ ದಪ್ಪ ಹುಳ ಇರುತ್ತದೆ. ಕರ್ಣಕುಂಡಲದ ಗಿಡದಲ್ಲೂ ಅಂಥದೇ ಇನ್ನೊಂದು. ನೋಡಿದವರು ಹಾವಿನ ಮರಿಯೆಂದು ಹೌಹಾರಬೇಕು, ಹಾಗಿರುತ್ತದೆ. ಹೊಟ್ಟೆ ತುಂಬಿದ ಮೇಲೆ ನೆಲಕ್ಕಿಳಿದು ತರಗೆಲೆಯ ಅಡಿಯಲ್ಲಿ ಕೋಶ ಕಟ್ಟುತ್ತದೆ. ಹೊರಬಂದದ್ದು ಹೂವಿನ ಮೇಲೆ ಕೂರದೆ ಗಾಳಿಯಲ್ಲೇ ನಿಂತು, ಉದ್ದದ ಸೊಂಡಿಲು ಚಾಚಿ ಮಕರಂದ ಹೀರುತ್ತದೆ. ಕೆಸು ಕೊಳಕು, ಹುಳ ಅಸಹ್ಯ, ತರಗೆಲೆ ಕಸ ಎಂದು ಈ ಮೂರನ್ನೂ ತೆಗೆಸಿದ ಮನೆಯಲ್ಲಿ ಕೊನೆಗೆ ಉಳಿಯುವುದು ಬ್ರಷ್ಷು.

ಸಾಹೇಬರ ಮುಂದಿನ ಯೋಜನೆ ಟೊಮೆಟೊ. ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಷ್ಷನ್ನು ಹೂವಿನ ತೊಟ್ಟಿಗೆ ತಾಗಿಸಿದರೆ ಪರಾಗ ಉದುರುತ್ತದೆಂದು ಯಾವುದೋ ವಿಡಿಯೊದಲ್ಲಿ ನೋಡಿದ್ದಾರೆ. ಸುಳ್ಳಲ್ಲ. ಟೊಮೆಟೊ, ಬದನೆಯ ಹೂಗಳು ಪರಾಗವನ್ನು ಕೊಳವೆಯೊಳಗೆ ಬಚ್ಚಿಟ್ಟಿರುತ್ತವೆ. ತುದಿಯ ಸಣ್ಣ ತೂತಿನಿಂದ ಅದು ಉದುರಬೇಕಾದರೆ ಹೂವು ನಡುಗಬೇಕು. ಜೇನುನೊಣಕ್ಕೆ ಆ ವಿದ್ಯೆ ಬಾರದು. ಕಪ್ಪಗೆ, ದಪ್ಪಗೆ, ಮರ ಕೊರೆದು ಗೂಡು ಮಾಡುವ ದುಂಬಿಗೆ ಬರುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಪುಟ್ಟ ಜೇನಿಗೆ ಬರುತ್ತದೆ. ಹೂವನ್ನು ಅಪ್ಪಿಹಿಡಿದು ಎದೆಯ ಸ್ನಾಯುಗಳನ್ನು ಅದುರಿಸಿದರೆ ಒಂದು ಸಣ್ಣ ಝೇಂಕಾರ ಕೇಳುತ್ತದೆ, ಪರಾಗ ಮೈಮೇಲೆ ಸುರಿಯುತ್ತದೆ. ಆ ನೀಲಿಪಟ್ಟೆಯ ಜೇನು ಗೂಡು ಮಾಡುವುದು ಬರಿ ಮಣ್ಣಿನಲ್ಲಿ. ಪಕ್ಕದ ಮನೆಯಲ್ಲಿ ಗೇಟಿನಿಂದ ಹಿತ್ತಲ ಬಾಗಿಲವರೆಗೆ ಸಿಮೆಂಟ್ ಇಟ್ಟಿಗೆ ಹಾಸಿದ್ದಾರೆ. ಉಳಿದ ಜಾಗಕ್ಕೆ ಮೆಕ್ಸಿಕನ್ ಹುಲ್ಲು.

ಹುಲ್ಲೆಂದಾಗ ನೆನಪಾಯಿತು. ಗಣಪತಿ ಹಬ್ಬದ ಬೆಳಿಗ್ಗೆ ಅದೇ ಮನೆಯ ಆಂಟಿ ಬೆತ್ತದ ಬುಟ್ಟಿ ಹಿಡಿದು ನಮ್ಮ ಹಿತ್ತಲಿಗೆ ಬಂದಿದ್ದರು. ಗರಿಕೆ ನಮ್ಮಲ್ಲಿ, ಬಿಳಿ ಎಕ್ಕ ನಮ್ಮಲ್ಲಿ, ಉತ್ತರಣೆ ನಮ್ಮಲ್ಲಿ, ತುಂಬೆ ನಮ್ಮಲ್ಲಿ. ಗಣಪತಿಗೆ ಏರಿಸುವ ಇಪ್ಪತ್ತೊಂದು ಪತ್ರೆಗಳ ಪಟ್ಟಿ ತೆಗೆದು ನೋಡಿ; ಬೇಲಿಯ ಮೇಲೆ, ಬಯಲಿನಲ್ಲಿ, ಹಿತ್ತಲಲ್ಲಿ ತಾನಾಗಿ ಹುಟ್ಟುವ ಗಿಡಗಳೇ ಎಷ್ಟೊಂದು. ಹಬ್ಬದ ದಿನ ಅವು ಪತ್ರೆ, ಮರುದಿನ ಕಳೆ. "ನಿಮ್ಮದು ಕಾಡಾಗಿದೆ, ಹಾವು ಬರುತ್ತದೆ" ಎಂದು ಸಾಹೇಬರು ಹೇಳುವುದು ಇದೇ ಎಕ್ಕವನ್ನು ತೋರಿಸಿ. ಆ ಎಕ್ಕದಲ್ಲಿ ಈಗ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳಗಳಿವೆ. ಎಕ್ಕದ ಹಾಲಿನ ವಿಷವನ್ನೇ ಮೈಗೂಡಿಸಿಕೊಂಡು, ಹಕ್ಕಿಗಳ ಬಾಯಿಗೆ ರುಚಿಸದಂತೆ ಬೆಳೆದು, ಕಿತ್ತಳೆ ಬಣ್ಣದ ಚಿಟ್ಟೆಗಳಾಗುತ್ತವೆ. ಹೂವಿಗಾದರೆ ಅದೇ ಕಪ್ಪು ದುಂಬಿ ಬರುತ್ತದೆ. ಎಕ್ಕದ ಪರಾಗ ಪುಡಿಯಾಗಿರದೆ ಗಂಟಾಗಿರುವುದರಿಂದ ಅದನ್ನು ಎಳೆದೊಯ್ಯಲು ಅಂಥ ದಾಂಡಿಗನೇ ಬೇಕು.

ಹಾಗೆಂದು ನಾನು ಸ್ವದೇಶಿ ಗಿಡಗಳ ಕಾವಲುಗಾರಳಲ್ಲ. ನಮ್ಮ ಸೀಬೆ ಅಮೆರಿಕ ಖಂಡದ್ದು, ಮೆಣಸಿನಕಾಯಿ ಅಲ್ಲಿಯದು, ಬೋಗನ್‌ವಿಲ್ಲಾ ಕೂಡ ಅಲ್ಲಿಯದೇ. ಸೀಬೆಗೆ ಬರುವ ಗಿಳಿ ಪಾಸ್‌ಪೋರ್ಟ್ ಕೇಳುವುದಿಲ್ಲ. ಮಕರಂದವನ್ನು ಚಿಟ್ಟೆ ಎಲ್ಲಿ ಸಿಕ್ಕರೂ ಕುಡಿದೀತು; ಮೊಟ್ಟೆಯಿಡಲು ಮಾತ್ರ ತಲೆತಲಾಂತರದಿಂದ ತನ್ನ ಮರಿಗಳು ತಿಂದು ಅರಗಿಸಿಕೊಂಡ ಗಿಡವೇ ಬೇಕು. ಲಂಟಾನದ ಮೇಲೆ ಚಿಟ್ಟೆ ಕಂಡವರು "ನೋಡಿ, ಎಷ್ಟು ಒಳ್ಳೆಯ ಗಿಡ" ಎನ್ನುತ್ತಾರೆ. ನಮ್ಮ ಮೈಸೂರಿನಿಂದ ಬಂಡೀಪುರದ ಕಡೆಗೆ ಹೋದರೆ ಕಾಣುತ್ತದಲ್ಲ, ಕಾಡಿನ ನೆಲವನ್ನೆಲ್ಲ ಅದು ನುಂಗಿ ಕುಳಿತದ್ದು. ಜಿಂಕೆ ಮೇಯುವ ಹುಲ್ಲಿಗೆ ಅಲ್ಲಿ ಜಾಗವೇ ಇಲ್ಲ. ನಮ್ಮ ಸರ್ಕಾರ ಸಹ್ಯಾದ್ರಿಯ ಕಪ್ಪು-ಹಳದಿ ದೊಡ್ಡ ಚಿಟ್ಟೆಯನ್ನು ರಾಜ್ಯದ ಚಿಟ್ಟೆಯೆಂದು ಸಾರಿದೆ. ಸಂತೋಷ. ಅದರ ಹುಳ ತಿನ್ನುವ ಈಶ್ವರಿ ಬಳ್ಳಿಯನ್ನು ಯಾವ ನರ್ಸರಿಯಲ್ಲಾದರೂ ಕೇಳಿ ನೋಡಿ. ನಾನು ಕೇಳಿದಲ್ಲಿ ಮನಿ ಪ್ಲಾಂಟ್ ತೋರಿಸಿದರು.

ಸುಳ್ಯದ ಕಡೆಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಬ್ರಷ್ಷಿನ ಕಥೆ ಹೇಳಿದೆ. ಅಮ್ಮ ಬಹಳ ಹೊತ್ತು ನಕ್ಕು, "ಹೀರೆಗೆ ಮದುವೆ ಮಾಡಿಸಲು ನಾವು ಯಾವ ಪುರೋಹಿತರನ್ನು ಕರೆದಿದ್ದೆವು?" ಎಂದರು. ಆಮೇಲೆ ಮಾತು ತುಡುವೆ ಜೇನಿನ ಪೆಟ್ಟಿಗೆಗಳತ್ತ ಹೊರಳಿತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಾಚಿಕೊಂಡು ಹೋಯಿತು. ಮರಿಗಳು ಗೂಡಿನೊಳಗೇ ನೀರು ತುಂಬಿದ ಚೀಲಗಳಾಗಿ ಸಾಯುತ್ತಿದ್ದವು. ಅಪ್ಪ ದಿನವೂ ಪೆಟ್ಟಿಗೆ ತೆರೆದು ನೋಡಿ, ಮಾತಾಡದೆ ಮುಚ್ಚುತ್ತಿದ್ದರು. ಆಗ ಬಂದದ್ದು ವೈರಸ್ಸು, ಯಾರನ್ನೂ ದೂರುವಂತಿರಲಿಲ್ಲ. ಆ ಖಾಲಿ ಪೆಟ್ಟಿಗೆಗಳಲ್ಲೊಂದಕ್ಕೆ ಕೆಲವು ವರ್ಷಗಳ ಮೇಲೆ ತುಡುವೆ ತಾನಾಗಿ ಬಂದು ಕೂತಿತು. ಮನೆಯ ಮಣ್ಣಿನ ಗೋಡೆಯ ಸಂದಿಯಲ್ಲಿದ್ದ ಮುಜಂಟಿ ಎಂಬ ಪುಟ್ಟ ಜೇನು ಮಾತ್ರ ಎಲ್ಲಿಗೂ ಹೋಗಿರಲಿಲ್ಲ, ಈಗಲೂ ಇದೆಯಂತೆ.

ನಮ್ಮ ಬಡಾವಣೆಯ ಕಥೆಯೇ ಬೇರೆ. ನೀರಿನ ಟ್ಯಾಂಕಿನ ಅಡಿಯಲ್ಲಿ ಹೆಜ್ಜೇನು ಕಟ್ಟಿದರೆ ರಾತ್ರೋರಾತ್ರಿ ಬೆಂಕಿ. ಗುಲಾಬಿಯ ಎಲೆಯ ಅಂಚಿನಲ್ಲಿ ಬಳೆಯಿಟ್ಟು ಕತ್ತರಿಸಿದಂತೆ ದುಂಡಗಿನ ಕಚ್ಚು ಕಂಡರೆ ರೋಗವೆಂದು ಔಷಧಿ. ಅದು ಎಲೆಯ ಚೂರುಗಳಿಂದ ಮರಿಗಳಿಗೆ ತೊಟ್ಟಿಲು ಸುತ್ತುವ ಒಂಟಿ ಜೇನಿನ ಕೆಲಸ. ಜೇಡರ ಬಲೆ ಕಂಡರೆ ಪೊರಕೆ. ಸೂರಕ್ಕಿ ತನ್ನ ತೂಗುಗೂಡನ್ನು ಹೆಣೆಯುವುದು ಆ ನೂಲಿನಿಂದ. ಆಮೇಲೆ ಮಾರ್ಚ್ ತಿಂಗಳಲ್ಲಿ ಗುಬ್ಬಿ ದಿನಾಚರಣೆಗೆ ಗೇಟಿಗೊಂದು ರಟ್ಟಿನ ಗೂಡು, ಬಟ್ಟಲು ತುಂಬ ನವಣೆ. ಕಾಳು ತಿಂದು ಬದುಕುವುದು ದೊಡ್ಡ ಗುಬ್ಬಿ. ಮರಿಗೆ ಅದು ಹೊತ್ತು ತರುವುದು ಹುಳ. ಹುಳವಿಲ್ಲದ ಕೇರಿಯಲ್ಲಿ ರಟ್ಟಿನ ಗೂಡು ಖಾಲಿಯಿದ್ದರೆ ಯಾರನ್ನು ಕೇಳೋಣ? ಹಕ್ಕಿ ಬೇಕು, ಚಿಟ್ಟೆ ಬೇಕು, ಹೀರೆಕಾಯಿ ಬೇಕು. ಇವನ್ನೆಲ್ಲ ಹೊತ್ತಿರುವ ಹುಳ ಮಾತ್ರ ಪಕ್ಕದ ಮನೆಯಲ್ಲಿರಲಿ. ಆ ಪಕ್ಕದ ಮನೆ ಸದ್ಯಕ್ಕೆ ನಮ್ಮದು.

ಸಾಹೇಬರು ಕೆಟ್ಟವರಲ್ಲ. ಕೊರೋನಾ ಕಾಲದಲ್ಲಿ ನಮ್ಮ ಮನೆಗೆ ಹಾಲು ತಂದು ಗೇಟಿಗೆ ತೂಗುಹಾಕುತ್ತಿದ್ದವರು. ಈಗ ಅವರ ತಲೆಯಲ್ಲಿರುವುದು ದಸರೆಯ ಮನೆತೋಟ ಸ್ಪರ್ಧೆ. ತೂತಿಲ್ಲದ ಎಲೆ, ಕಸವಿಲ್ಲದ ನೆಲ ಇದ್ದರೆ ಬಹುಮಾನ ಖಚಿತವೆಂದು ನಂಬಿದ್ದಾರೆ. ತೀರ್ಪುಗಾರರು ಬರುವ ಮುಂಚೆ ಆ ಹುಡುಗ ಮತ್ತೊಮ್ಮೆ ಔಷಧಿ ಹೊಡೆಯಲು ಬರಬೇಕೆಂದು ದಿನ ಗೊತ್ತು ಮಾಡಿದ್ದಾರೆ.

ನಿನ್ನೆ ಹುಡುಗ ಬಾಕಿ ಹಣಕ್ಕೆ ಬಂದಾಗ ಬೇರೆ ತೋಟದ ಕೆಲಸ ಮಾಡಬಾರದೇ ಎಂದು ವಿಚಾರಿಸಿದೆ. "ಡಬ್ಬಿಯ ಸಾಲ ತೀರಬೇಕಲ್ಲ ಮೇಡಂ" ಎಂದ. ನನ್ನ ಭಾಷಣಕ್ಕೆ ಅಲ್ಲಿ ಜಾಗವಿರಲಿಲ್ಲ. ಆಂಟಿ ಹಿಂದೆಯೇ ನಿಂತಿದ್ದರು. ಆ ಮನೆಯಲ್ಲಿ ಕಡಿಮೆ ಮಾತಾಡುವವರು ಅವರು, ಹೆಚ್ಚು ಯೋಚಿಸುವವರೂ ಅವರೇ. ಹಣ ಎಣಿಸಿ ಅವನ ಕೈಗಿಡುತ್ತಾ ಮೆಲ್ಲಗೆ ಹೇಳಿದರು: "ಮುಂದಿನ ಸಲವೂ ನಿನಗೆ ಪೂರ್ತಿ ಹಣ ಕೊಡುತ್ತೇನೆ. ಡಬ್ಬಿಗೆ ಬರೀ ನೀರು ತುಂಬಿಸಿಕೊಂಡು ಬಾ. ಇವರಿಗೆ ಗೊತ್ತಾಗುವುದಿಲ್ಲ."

ಹುಡುಗ ನನ್ನ ಮುಖ ನೋಡಿದ, ಆಂಟಿಯ ಮುಖ ನೋಡಿದ, ನಕ್ಕ. ಅವನಿಗೇನು, ತಲೆನೋವು ಉಳಿಯಿತು. ಸಾಹೇಬರು ಪತ್ರಿಕೆಯ ಸಂಪಾದಕೀಯ ಬಿಟ್ಟು ಬೇರೇನೂ ಓದುವವರಲ್ಲವಾದ್ದರಿಂದ ಇದನ್ನು ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ. ತೊಡಕು ಒಂದೇ: ಔಷಧಿಯೆಂದ ಮೇಲೆ ಘಾಟು ಬರಬೇಕು, ಬರೀ ನೀರಿಗೆ ವಾಸನೆಯಿಲ್ಲ. ಚಿಟಿಕೆ ಇಂಗು ಕದಡಿದರೆ ಸಾಕೆಂದು ಆಂಟಿ ಹೇಳುತ್ತಾರೆ. ಎಷ್ಟು ನೀರಿಗೆ ಎಷ್ಟು ಇಂಗು ಎಂಬ ಲೆಕ್ಕ ಇನ್ನೂ ನಡೆಯುತ್ತಿದೆ.