ಫ್ಲಾರೆನ್ಸ್‌ನ ಒಂದು ಕೈಬರಹ, ನಮ್ಮ ಓಕುಳಿ

ಇಟಲಿಯ ಫ್ಲಾರೆನ್ಸ್‌ಗೆ ಬಂದು ನಾಲ್ಕು ವರ್ಷ ಆಯ್ತು. ಊರಿಂದ ಫೋನ್ ಮಾಡುವವರೆಲ್ಲ ಕೇಳುವುದು ಇಲ್ಲಿನ ಚಿತ್ರ, ಶಿಲ್ಪ, ದೊಡ್ಡ ಚರ್ಚಿನ ಆ ಗುಮ್ಮಟದ ಬಗ್ಗೆ. ಗುಮ್ಮಟ ನೋಡಲೇಬೇಕಾದದ್ದು, ನಿಜ. 1420ರಲ್ಲಿ ಶುರುವಾಗಿ 1436ರಲ್ಲಿ ಮುಗಿಯಿತು, ನೆಲದಿಂದ ಮರದ ಆಸರೆ ಕೊಡದೆ ಬ್ರುನೆಲ್ಲೆಸ್ಕಿ ಅನ್ನುವ ವಾಸ್ತುಶಿಲ್ಪಿ ಕಟ್ಟಿಸಿದ್ದು. 463 ಮೆಟ್ಟಿಲು ಹತ್ತಬೇಕು. ಆದರೆ ನನಗೆ ಈ ಊರು ಹತ್ತಿರವಾಗಿದ್ದು ಅಕ್ಷರಗಳಿಂದ.

ಸಾನ್ ಮಾರ್ಕೊ ಮಠದ ಮಹಡಿಯಲ್ಲಿ ಒಂದು ಹಳೆಯ ಗ್ರಂಥಾಲಯ ಇದೆ. ಉದ್ದನೆಯ ಕೋಣೆ, ಎರಡು ಸಾಲು ತೆಳ್ಳನೆಯ ಕಂಬ. ನಿಕ್ಕೊಲಿ ಅನ್ನುವವನು ಜೀವಮಾನವೆಲ್ಲ ಪುಸ್ತಕ ಕೂಡಿಸಿ, ಓದಬೇಕು ಅನ್ನುವವರಿಗೆಲ್ಲ ಅವು ಸಿಗಲಿ ಅಂತ ಬರೆದಿಟ್ಟು 1437ರಲ್ಲಿ ತೀರಿಕೊಂಡ. ಅವನ ಸಾಲವನ್ನು ಊರಿನ ದೊಡ್ಡ ಶ್ರೀಮಂತ ಕೋಸಿಮೊ ಮೆಡಿಚಿ ತೀರಿಸಿ, ಸುಮಾರು 400 ಪುಸ್ತಕ ಇಲ್ಲಿಗೆ ತಂದಿಡಿಸಿದ. ಈಗ ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ದೊಡ್ಡ ದೊಡ್ಡ ಪ್ರಾರ್ಥನೆಯ ಪುಸ್ತಕಗಳಿವೆ. ಅಕ್ಷರಗಳು ದಪ್ಪ, ಮೂಲೆ ಮೂಲೆ, ಒಂದಕ್ಕೊಂದು ಅಂಟಿಕೊಂಡಂತೆ. ಬಗ್ಗಿ ನೋಡಿದರೂ ನನಗೆ ಒಂದು ಪದ ಬಿಡಿಸಲು ಆಗಲಿಲ್ಲ.

ಆಗಿನ ಪುಸ್ತಕಗಳು ಹೆಚ್ಚಾಗಿ ಹೀಗೇ ಇರುತ್ತಿದ್ದವು. 1400ರ ಸುಮಾರಿಗೆ ಪೊಜ್ಜೊ ಬ್ರಾಚೊಲೀನಿ ಅನ್ನುವ ಹುಡುಗ ಹಳೆಯ ಹಸ್ತಪ್ರತಿಗಳನ್ನು ನೋಡಿ ದುಂಡಗೆ, ಬಿಡಿಬಿಡಿಯಾಗಿ ಬರೆಯತೊಡಗಿದ. ಇದೇ ಪ್ರಾಚೀನ ರೋಮನ್ನರ ಬರಹ ಅಂತ ಅವನ ಬಳಗದವರು ನಂಬಿದ್ದರು. ನಿಜಕ್ಕೂ ಅದು ಪೊಜ್ಜೊನ ಕಾಲಕ್ಕಿಂತ ಕೆಲವು ನೂರು ವರ್ಷ ಹಿಂದಿನದು, ಅಷ್ಟೇ. ಆ ತಪ್ಪು ತಿಳುವಳಿಕೆಯಿಂದ ಎಂಥ ಒಳ್ಳೆಯ ಕೆಲಸ ಆಯ್ತು ನೋಡಿ! ವೆನಿಸ್‌ನ ಮುದ್ರಕರು ಅದೇ ಅಕ್ಷರವನ್ನು ಅಚ್ಚಿಗೆ ಇಳಿಸಿದರು. ಪುಸ್ತಕ ಕೂಡಿಸಿದ ನಿಕ್ಕೊಲಿ ಓರೆಯಾಗಿ ಬರೆಯುತ್ತಿದ್ದ, ಅಂಥ ಅಕ್ಷರ 1501ರಲ್ಲಿ ಅಚ್ಚಾಯಿತು. ಇವತ್ತು ನಿಮ್ಮ ಫೋನಿನಲ್ಲಿರುವ ಇಂಗ್ಲಿಷ್ ಅಕ್ಷರ, ಬಸ್ಸಿನ ಬೋರ್ಡು, ಎಲ್ಲದರ ಮೂಲ ಅಲ್ಲಿದೆ. ನನ್ನ ಮಗಳು ಇಲ್ಲಿ ಎರಡನೇ ಕ್ಲಾಸು, ನಾಲಿಗೆ ಕಚ್ಚಿಕೊಂಡು ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಬರೆಯುತ್ತಾಳೆ. ಆ ಬರಹಕ್ಕೂ, ಪುಸ್ತಕದಲ್ಲಿರುವ ಓರೆ ಅಕ್ಷರಕ್ಕೂ ಇಲ್ಲಿ ಒಂದೇ ಹೆಸರು: ಕೊರ್ಸಿವೊ.

ಪುನರುಜ್ಜೀವನ ಅಂತ ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಇದನ್ನೇ. ನನಗೆ ಆಗ ಇದರಲ್ಲಿ ಯಾರ ಕೈಯೂ ಕಂಡಿರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ನಾನು ಹೊಸಪೇಟೆಯವನು. ವೆನಿಸ್‌ನ ವ್ಯಾಪಾರಿ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ, ಅಲ್ವಾ? ದಾರಿಯಲ್ಲಿ ಜೀವ ಉಳಿಸಿಕೊಳ್ಳಲು ಧರ್ಮ ಬಿಡಬೇಕಾಯ್ತು, ವಾಪಸ್ ಬರುವಾಗ ಈಜಿಪ್ಟಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು ಪ್ಲೇಗಿಗೆ ಹೋದರು. ಕೊನೆಗೆ ಪೋಪ್ ಹತ್ತಿರ ಕ್ಷಮೆ ಕೇಳಲು ಫ್ಲಾರೆನ್ಸ್‌ಗೆ ಬಂದ. ಅವನನ್ನು ಕೂರಿಸಿಕೊಂಡು ಎಲ್ಲ ಕೇಳಿ ಲ್ಯಾಟಿನ್‌ನಲ್ಲಿ ಬರೆದಿಟ್ಟವನು ಪೋಪ್‌ನ ಕಾರ್ಯದರ್ಶಿ, ಇದೇ ಪೊಜ್ಜೊ! ಸುತ್ತಳತೆ 60 ಮೈಲಿಯ ಊರು, ಬೆಟ್ಟದ ಮೇಲೆ ಹತ್ತುವ ಕೋಟೆ ಗೋಡೆ, 90,000 ಯೋಧರು, ದೇವಸ್ಥಾನದ ಮಾಡಿನ ತುಂಬಾ ದೀಪ. ಮೂರು ದಿನ ದಾರಿಹೋಕರಿಗೆಲ್ಲ, ರಾಜ ರಾಣಿಯರಿಗೂ, ಕೇಸರಿ ನೀರು ಎರಚುತ್ತಿದ್ದರು, ಎಲ್ಲರೂ ನಗುತ್ತಿದ್ದರು ಅಂತ ಅದರಲ್ಲಿದೆ.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುವ ಮುಂಚೆ ಅವ್ವನಿಗೆ ಫೋನ್ ಮಾಡಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಷ್ಟು ಕೇಸರಿ ಎಲ್ಲಿಂದ ತರ್ತಾರೋ? ಅದು ಮುತ್ತುಗದ ಹೂ ಕುದಿಸಿದ ನೀರೇ ಇರಬೇಕು. ನಿಮ್ಮಜ್ಜಿ ಹಂಗೇ ಮಾಡ್ತಿದ್ಲು."