ಅರೆಗುಮ್ಮಟ ಕೊನೆಗೂ ಮಣಿಯಿತು: ಡಬ್ಲಿನ್ ಯೂನಿವರ್ಸಿಟಿ ಚರ್ಚ್ ಮಾದರಿಯ ಪ್ರಗತಿ

ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನ್‌ನಲ್ಲಿರುವ ಯೂನಿವರ್ಸಿಟಿ ಚರ್ಚ್‌ನ ಪುಟ್ಟ ಮಾದರಿಯೊಂದನ್ನು ನಾನು ಕಟ್ಟುತ್ತಿದ್ದು, ಅದರಲ್ಲಿ ಬಹುಕಾಲ ಕಾಡಿದ ಅರೆಗುಮ್ಮಟದ ಚಿತ್ರ ಈ ವಾರ ಸರಿಯಾಗಿ ಕೂತಿದೆ. ಗೋಡೆ, ಚಾವಣಿ, ನೆಲಗಳ ಕೆಲಸದಲ್ಲಿ ಹೇಳುವಂಥದ್ದು ಏನೂ ಇಲ್ಲ, ಏಕೆಂದರೆ ಹೊರಗಿನಿಂದ ಈ ಕಟ್ಟಡ ಸಾದಾ ಪೆಟ್ಟಿಗೆಯೇ. ಐರ್ಲೆಂಡಿನ ಕಥೋಲಿಕ ವಿಶ್ವವಿದ್ಯಾಲಯದ ಮೊದಲ ರೆಕ್ಟರ್ (ಮುಖ್ಯಸ್ಥ) ಆಗಿದ್ದ ಜಾನ್ ಹೆನ್ರಿ ನ್ಯೂಮನ್ ಇದನ್ನು ಮನೆಯೊಂದರ ಹಿತ್ತಿಲಿನಲ್ಲಿ ಕಟ್ಟಿಸಿದರು. 1856ರ ಮೇ 1ರಂದು ಅದು ತೆರೆಯಿತು. ಬೀದಿಯಿಂದ ಕಾಣುವುದು ಎರಡು ಮನೆಗಳ ನಡುವೆ ಸಿಕ್ಕಿಕೊಂಡ ಇಟ್ಟಿಗೆಯ ಪುಟ್ಟ ಮುಖಮಂಟಪ ಮಾತ್ರ. ವಾಸ್ತುಶಿಲ್ಪಿ ಜಾನ್ ಹಂಗರ್‌ಫರ್ಡ್ ಪೋಲೆನ್ ತಮ್ಮ ಕೈಚಳಕವನ್ನೆಲ್ಲ ಒಳಗೆ ಸುರಿದಿದ್ದಾರೆ: ಪೂರ್ವ ರೋಮನ್ ಸಾಮ್ರಾಜ್ಯದ ಬೈಜಾಂಟೈನ್ ಶೈಲಿ, ಗೋಡೆಗೆ ಐರ್ಲೆಂಡಿನದೇ ಬಣ್ಣಬಣ್ಣದ ಅಮೃತಶಿಲೆ, ಬಲಿಪೀಠದ ಹಿಂದಿನ ಅರೆಗುಮ್ಮಟದಲ್ಲಿ ಬಳ್ಳಿಗಳ ನಡುವೆ ಜ್ಞಾನಾಸನವೆಂದು ಪೂಜಿತಳಾದ ಮಾತೆ ಮರಿಯ.

ತೊಡಕು ಇದ್ದದ್ದು ಆ ಬಳ್ಳಿಗಳಲ್ಲಿ. ಚಪ್ಪಟೆ ಹಾಳೆ ಗೋಳದ ಮೇಲೆ ಸುಕ್ಕಿಲ್ಲದೆ ಕೂರುವುದಿಲ್ಲವೆಂಬುದು ನಮಗೆಲ್ಲ ಗೊತ್ತು. ಆದ್ದರಿಂದ 4 ಸೆಂ.ಮೀ. ತ್ರಿಜ್ಯದ ಅರೆಗುಮ್ಮಟಕ್ಕೆ ಕಿತ್ತಳೆ ತೊಳೆಯ ಆಕಾರದ 12 ಪಟ್ಟಿಗಳನ್ನು ಮುದ್ರಿಸಿ, ಚೂಪು ತುದಿಗಳನ್ನು ನೆತ್ತಿಯಲ್ಲಿ ಕೂಡಿಸುವ ರೂಢಿಯ ದಾರಿಯನ್ನೇ ಹಿಡಿದೆ. ಪಟ್ಟಿಯ ಉದ್ದ 63 ಮಿ.ಮೀ., ಬುಡದ ಅಗಲ ಹತ್ತೂವರೆ ಮಿ.ಮೀ. ಲೆಕ್ಕ ನಿಖರವಾಗಿತ್ತು, ನೋಟ ಮಾತ್ರ ಘೋರವಾಗಿತ್ತು. ಪ್ರತಿ ಬೆಸುಗೆಯೂ ಬಳ್ಳಿಯ ಸುರುಳಿಯನ್ನು ಅಡ್ಡಲಾಗಿ ಕತ್ತರಿಸಿತು, ಮರಿಯಮ್ಮನವರ ಮುಖದ ನಡುವೆಯೇ ಒಂದು ಗೆರೆ ಇಳಿಯಿತು, ನೆತ್ತಿಯಲ್ಲಿ ಒಟ್ಟಾದ ತುದಿಗಳು ಬಾಗಿಲಿನಿಂದಲೇ ಎದ್ದು ಕಂಡವು. ಇದಕ್ಕೆ ‘ಅತಿ ತೆಳು’ ಎಂಬ ಹೆಸರಿನಲ್ಲಿ ಲಗ್ನಪತ್ರಿಕೆಯಷ್ಟು ದಪ್ಪದ ಡೆಕಾಲ್ ಹಾಳೆ (ಮುದ್ರಿಸಿದ ಚಿತ್ರವನ್ನು ಮೇಲ್ಮೈಗೆ ಅಂಟಿಸುವ ಹಾಳೆ) ಕಳಿಸಿದ ಪೂರೈಕೆದಾರನ ಕೊಡುಗೆಯೂ ಕಡಿಮೆಯದಲ್ಲ. ಹಿಂದಿರುಗಿಸುತ್ತೇನೆಂದರೆ, ಪೊಟ್ಟಣ ಒಡೆದಾಗಿದೆಯೆಂಬ ಉತ್ತರ ಬಂತು. ಒಡೆಯದೆ ದಪ್ಪ ತಿಳಿಯುವ ವಿದ್ಯೆಯನ್ನು ಅವನು ಕಲಿಸಲಿಲ್ಲ.

ದಾರಿ ತೋರಿಸಿದ್ದು ಪೋಲೆನ್ ಮಾದರಿಯಾಗಿಟ್ಟುಕೊಂಡ ರೋಮ್‌ನ ಸಂತ ಕ್ಲೆಮೆಂಟರ ಬೆಸಿಲಿಕಾದ ಮೊಸಾಯಿಕ್, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ. ಅಲ್ಲಿ ಬಳ್ಳಿ ಶಿಲುಬೆಯ ಬುಡದಿಂದ ಎದ್ದು ಎಡಬಲಕ್ಕೆ ಹರಡುತ್ತದೆ. ಹಾಗಾದರೆ ಪಟ್ಟಿಗಳೂ ಅದೇ ಬುಡದಿಂದ ಏಕೆ ಹರಡಬಾರದು? ಅರೆಗುಮ್ಮಟವೆಂದರೆ ಗೋಳದ ಕಾಲುಭಾಗ. ಅದರ ಧ್ರುವವನ್ನು, ಅಂದರೆ ಪಟ್ಟಿಗಳ ತುದಿಗಳು ಕೂಡುವ ಬಿಂದುವನ್ನು, ನೆತ್ತಿಯಿಂದ ತೆಗೆದು ಹಿಂಗೋಡೆಯ ತಳದ ನಡುಬಿಂದುವಿಗೆ ತಂದರೂ ಪಟ್ಟಿಯ ಆಕಾರ ಬದಲಾಗುವುದಿಲ್ಲ, ಬದಲಾಗುವುದು ಚಿತ್ರವನ್ನು ಅದರ ಮೇಲೆ ಹಾಸುವ ಲೆಕ್ಕ ಮಾತ್ರ. ಪಟ್ಟಿಗಳ ಸಂಖ್ಯೆಯನ್ನು 11ಕ್ಕೆ ಇಳಿಸಿದ್ದರಿಂದ ನಡುವಿನ ಪಟ್ಟಿ ಅಖಂಡವಾಗಿ ಉಳಿಯಿತು, ಮರಿಯಮ್ಮನವರು ಅದರಲ್ಲಿ ಪೂರ್ತಿ ಕೂತರು. ಉಳಿದ ಬೆಸುಗೆಗಳು ಬಹುಮಟ್ಟಿಗೆ ಬಳ್ಳಿಯ ಜೊತೆಗೇ ಸಾಗಿ ಎಲೆಗಳಲ್ಲಿ ಮರೆಯಾದವು. ಹಣಿಕಿದ ಬಿಳಿ ಅಂಚಿಗೆ ಒಣಕುಂಚದಿಂದ ಹಸಿರು ಸವರಿದ್ದೇ ಸಾಕಾಯಿತು.

ಈಗ ಬೆಂಚುಗಳಲ್ಲಿ ಯಾರನ್ನು ಕೂರಿಸಬೇಕೆಂಬ ಚರ್ಚೆ ಉಳಿದಿದೆ. ಗೌನು ತೊಟ್ಟ ವಿದ್ಯಾರ್ಥಿಗಳನ್ನು ತುಂಬುವುದು ಸುಲಭ, ಆದರೆ ಅದು ಇತಿಹಾಸಕ್ಕೆ ನ್ಯಾಯವಾಗದು. ಸರ್ಕಾರದ ಸನ್ನದು ಸಿಗದ ಆ ವಿಶ್ವವಿದ್ಯಾಲಯ ಎಂದೂ ಹುಲುಸಾಗಿ ಬೆಳೆಯಲಿಲ್ಲ, ನ್ಯೂಮನ್ 1858ರಲ್ಲಿ ಹುದ್ದೆ ಬಿಟ್ಟರು. ಅದರ ಉತ್ತರಾಧಿಕಾರಿಯಾದ ಯೂನಿವರ್ಸಿಟಿ ಕಾಲೇಜು ಇಪ್ಪತ್ತನೆಯ ಶತಮಾನದಲ್ಲಿ ಬೆಲ್‌ಫೀಲ್ಡ್‌ಗೆ ಸ್ಥಳಾಂತರಗೊಂಡಾಗ ಚರ್ಚು ಮಾತ್ರ ನಗರದ ನಡುವೆಯೇ ಉಳಿದು, ಸುತ್ತಲಿನವರ ಧರ್ಮಕೇಂದ್ರವೂ ಆಯಿತು. ಆದ್ದರಿಂದ ನನ್ನ ಬೆಂಚುಗಳಲ್ಲಿ ಗೌನಿನವರ ಪಕ್ಕದಲ್ಲೇ ಛತ್ರಿ ಹಿಡಿದ ಗುಮಾಸ್ತರೂ ಕೂರುತ್ತಾರೆ. ಕಾಲಗಣನೆಯ ಕಟ್ಟಾಳುಗಳು ಕ್ಷಮಿಸಬೇಕು.

ಅಮೃತಶಿಲೆಯ ಫಲಕಗಳು ಇನ್ನೂ ಬಾಕಿ ಇರುವಾಗಲೇ ಮನಸ್ಸು ಆಕ್ಸ್‌ಫರ್ಡಿಗೆ ಹಾರಿದೆ. ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿಗೆ ಸೇರಿದವರು) ಆಗಿದ್ದಾಗ ನ್ಯೂಮನ್ 1828ರಿಂದ 1843ರವರೆಗೆ ವಿಕಾರ್ (ಚರ್ಚಿನ ಹೊಣೆ ಹೊತ್ತ ಪಾದ್ರಿ) ಆಗಿದ್ದ ಸೇಂಟ್ ಮೇರಿ ಕೂಡ ಅಲ್ಲಿಯ ವಿಶ್ವವಿದ್ಯಾಲಯದ ಚರ್ಚೇ. ಎರಡನ್ನೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇಡುವ ಆಸೆ. ಅಡ್ಡಿಯೆಂದರೆ ಅದರ ದಕ್ಷಿಣ ದ್ವಾರದ, 1637ರ ತಿರುಚು ಕಂಬಗಳು. ಎರಡು ಎಳೆ ತಾಮ್ರದ ತಂತಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಹೊಸೆದು ನೋಡಿದರೆ ಹಗ್ಗ ಕಾಣುತ್ತಿದೆಯೇ ಹೊರತು ಕಂಬವಲ್ಲ. ಮುಂದಿನ ವಾರ ಎಪಾಕ್ಸಿ ಪುಟ್ಟಿ ತುಂಬಿ ಮತ್ತೆ ಹೊಸೆಯುತ್ತೇನೆ.