ಗೀರು ಎಲ್ಲಿಗೂ ಹೋಗುವುದಿಲ್ಲ, ಸುತ್ತಲಿನ ಲೇಪ ಸವೆಯುತ್ತದೆ

ಕಾರುಗಳ ಬಣ್ಣದ ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಾನೊಂದು ಬಾಗಿಲನ್ನು ಹಾಳು ಮಾಡಿದೆ. ಕಡುನೀಲಿ ಕಾರು. ಚಾಲಕರ ಬದಿಯ ಬಾಗಿಲಿನಲ್ಲಿ, ಹಿಡಿಕೆಯ ಕೆಳಗೆ, ಗೇಣುದ್ದದ ಒಂದು ಗೀರು. ಶುರುವಿನಲ್ಲಿ ಕೂದಲೆಳೆಯಂತಿದ್ದು, ಕೊನೆಯಲ್ಲಿ ಬಾಗಿಲಿನ ಉಬ್ಬುಗೆರೆಯನ್ನು ದಾಟುವಾಗ ತುಸು ಆಳವಾಗಿತ್ತು. ಕಾಂಪೌಂಡ್ ಎಂಬ ಉಜ್ಜುವ ಪೇಸ್ಟ್ ಹಚ್ಚಿ, ಪ್ಯಾಡ್ ತಿರುಗಿಸುವ ರೋಟರಿ ಮೆಷಿನ್ ಹಿಡಿದೆ. ಮುಕ್ಕಾಲು ಪಾಲು ಸಲೀಸಾಗಿ ಮಾಯವಾಯಿತು. ಕೊನೆಯ ಎರಡು ಅಂಗುಲ ಜಪ್ಪಯ್ಯ ಎನ್ನಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದೆ, ಮತ್ತೊಂದು ಸುತ್ತು ತಿರುಗಿಸಿದೆ. ಬಿಳಿ ಪ್ಯಾಡಿನ ಅಂಚಿನಲ್ಲಿ ತೆಳುವಾದ ನೀಲಿ ಕಂಡಾಗ ಯಾವುದೋ ಕೊಳೆ ಎಂದುಕೊಂಡೆ. ಒರೆಸಿ ನೋಡಿದರೆ ಉಬ್ಬುಗೆರೆಯ ಮೇಲೆ ಹೆಬ್ಬೆರಳಿನಷ್ಟು ಜಾಗ ಹೊಳಪು ಕಳೆದುಕೊಂಡು ಮಂಕಾಗಿತ್ತು. ಅದರ ನಟ್ಟನಡುವೆ ಬಣ್ಣದ ಅಡಿಯ ಲೇಪವಾದ ಪ್ರೈಮರ್‌ನ ಬೂದು ಬಣ್ಣ ಇಣುಕುತ್ತಿತ್ತು.

ಮೇಸ್ತ್ರಿ ಬಂದು ನೋಡಿದರು. ಬೈಯಲಿಲ್ಲ. "ಗೀರು ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೀಯಪ್ಪಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. "ಅದು ಎಲ್ಲಿಗೂ ಹೋಗುವುದಿಲ್ಲ. ಅದರ ತಳ ಮುಟ್ಟುವವರೆಗೆ ಸುತ್ತಲಿನ ನೆಲವನ್ನು ನೀನು ಕೆರೆದು ತಗ್ಗಿಸುತ್ತಿದ್ದೀಯ. ನೆಲ ಎಷ್ಟು ದಪ್ಪವಿದೆ ಎಂದು ಮೊದಲು ನೋಡಿದೆಯಾ?"

ನೋಡಿರಲಿಲ್ಲ. ಇಡೀ ಬಾಗಿಲಿಗೆ ಮತ್ತೆ ಬಣ್ಣ ಹೊಡೆಯಬೇಕಾಯಿತು. ಬಣ್ಣದ ಛಾಯೆ ಪಕ್ಕದ ಭಾಗಕ್ಕೆ ಹೊಂದಿಕೊಳ್ಳಲೆಂದು ಹಿಂದಿನ ಬಾಗಿಲಿನವರೆಗೂ ತೆಳುವಾಗಿ ಎಳೆಯಬೇಕಾಯಿತು. ಒಂದು ಗಂಟೆಯ ಕೆಲಸ ನಾಲ್ಕು ದಿನ ತೆಗೆದುಕೊಂಡಿತು. ಕಾರಿನ ಮಾಲೀಕರಿಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಆ ಎರಡು ಅಂಗುಲ ಉಳಿದಿದ್ದರೆ ಏನಾಗುತ್ತಿತ್ತು?" ಏನೂ ಆಗುತ್ತಿರಲಿಲ್ಲ. ಒಂದು ಮಾರು ದೂರದಿಂದ ಅದು ಕಾಣುತ್ತಲೂ ಇರಲಿಲ್ಲ.

ಈಗಿನ ಬಹುತೇಕ ಕಾರುಗಳಲ್ಲಿ ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಗಟ್ಟಿ ಲೇಪ ಇರುತ್ತವೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ನಾವು ಪಾಲಿಶ್ ಎಂದು ಮಾಡುವುದೆಲ್ಲ ಇಷ್ಟರೊಳಗೇ ನಡೆಯಬೇಕು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ ಲೇಪ. ಇದನ್ನು ಅತಿಯಾಗಿ ತೆಳುಗೊಳಿಸಿದರೆ ಅಂದು ಕಾರು ಕನ್ನಡಿಯಂತೆ ಹೊಳೆಯುತ್ತದೆ. ತೊಂದರೆ ಕಾಣಿಸುವುದು ಒಂದೆರಡು ವರ್ಷ ಕಳೆದ ಮೇಲೆ. ಬಾನೆಟ್ಟೋ ಮೇಲ್ಛಾವಣಿಯೋ ಬಿಳಿಚಿಕೊಂಡು ಹಪ್ಪಳದಂತೆ ಏಳತೊಡಗುತ್ತದೆ. ಹಾಗಾದ ಮೇಲೆ ಯಾವ ಪಾಲಿಶ್‌ನಿಂದಲೂ ಅದನ್ನು ಸರಿಪಡಿಸಲಾಗದು, ಮರುಬಣ್ಣವೇ ಗತಿ. ಆ ಹೊತ್ತಿಗೆ ಉಜ್ಜಿದವನ ನೆನಪೂ ಯಾರಿಗೂ ಇರುವುದಿಲ್ಲ. ನನ್ನನ್ನು ಬಹಳ ಕಾಡುವ ಸಂಗತಿ ಇದು.

ಆದ್ದರಿಂದ ಈಗ ಮೆಷಿನ್ ಮುಟ್ಟುವ ಮೊದಲು ನೋಡುವುದಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ. ಮೊದಲು ಕಾರು ತೊಳೆಯಬೇಕು. ಧೂಳಿನ ಮೇಲೆ ಬಟ್ಟೆ ಎಳೆದರೆ ಒಂದು ಗೀರು ನೋಡಲು ಹೋಗಿ ನೂರು ಹೊಸ ಗೀರು ಎಳೆದಂತೆ. ನಂತರ ಗೀರಿನ ಮೇಲೆ ನೀರು ಚಿಮುಕಿಸುತ್ತೇನೆ. ಒದ್ದೆಯಾದಾಗ ಅದು ಕಾಣದಂತಾಗಿ, ಒಣಗಿದಾಗ ಮತ್ತೆ ಕಂಡರೆ ಅದು ಕ್ಲಿಯರ್ ಕೋಟ್‌ನಲ್ಲಷ್ಟೇ ಇದೆ ಎಂದು ತಿಳಿಯಬಹುದು. ಬಳಿಕ ಉಗುರನ್ನು ಅಡ್ಡಲಾಗಿ, ಭಾರ ಹಾಕದೆ ಎಳೆಯುತ್ತೇನೆ. ಉಗುರು ಜಾರಿ ಹೋದರೆ ಪಾಲಿಶ್‌ಗೆ ಬಗ್ಗುವ ಗೀರು. ಸಿಕ್ಕಿಕೊಂಡರೆ ಪೂರ್ತಿ ಅಳಿಸುವ ಆಸೆ ಬಿಡುತ್ತೇನೆ. ಬೂದು ಕಂಡರೆ ಪ್ರೈಮರ್, ಲೋಹದ ಹೊಳಪು ಕಂಡರೆ ತುಕ್ಕಿಗೆ ದಾರಿ ತೆರೆದಿದೆ.

ದಪ್ಪ ಅಳೆಯುವ ಮೀಟರ್ ಈಗ ನನ್ನ ಜೇಬಿನಲ್ಲೇ ಇರುತ್ತದೆ. ಅದು ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು, ಕ್ಲಿಯರ್ ಕೋಟ್ ಒಂದರದ್ದನ್ನಲ್ಲ. ಹಾಗಾಗಿ ಒಂದೇ ಅಂಕಿಯನ್ನು ನಂಬದೆ ಅಕ್ಕಪಕ್ಕದ ಭಾಗಗಳನ್ನೂ ಅಳೆದು ಹೋಲಿಸುತ್ತೇನೆ. ಎಲ್ಲೆಡೆ 120 ಇದ್ದು ಒಂದು ಬಾಗಿಲಿನಲ್ಲಿ 300 ಬಂದರೆ ಅದಕ್ಕೆ ಹಿಂದೆ ಯಾರೋ ಬಣ್ಣ ಹೊಡೆದಿದ್ದಾರೆ, ಒಳಗೆ ತಗ್ಗು ತುಂಬುವ ಪುಟ್ಟಿಯೂ ಇರಬಹುದು. 80 ಬಂದರೆ ಆಗಲೇ ಸಾಕಷ್ಟು ಉಜ್ಜಿದ್ದಾರೆ ಎಂದು ಎಣಿಸಿ ಕಾಂಪೌಂಡ್ ಡಬ್ಬಿ ಮುಚ್ಚಿಡುತ್ತೇನೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಮೀಟರ್ ಕೆಲಸ ಮಾಡುವುದಿಲ್ಲ. ಅಲ್ಲಿ ಬಿಸಿ ಹರಡಿಹೋಗದೆ ಒಂದೇ ಕಡೆ ನಿಲ್ಲುವುದರಿಂದ ಲೇಪ ಬೇಗ ಸುಡುತ್ತದೆ, ಇನ್ನಷ್ಟು ಮೆಲ್ಲಗೆ ಹೋಗಬೇಕು.

ಗೀರಲ್ಲದ ಗೀರುಗಳೂ ಬರುತ್ತವೆ. ಒಮ್ಮೆ ಕೆಂಪು ಕಾರಿನ ಹಿಂಬದಿಯ ಮೂಲೆಯಲ್ಲಿ ಅಂಗೈಯಗಲ ಬಿಳಿ ಪಟ್ಟೆ ಇತ್ತು. ಮಾಲೀಕರು ಪೂರ್ತಿ ಬಣ್ಣ ಹೊಡೆಸಲು ಸಿದ್ಧರಾಗಿಯೇ ಬಂದಿದ್ದರು. ಬೆರಳಾಡಿಸಿದರೆ ಪಟ್ಟೆ ಒಳಗೆ ಇಳಿದಿರಲಿಲ್ಲ, ಮೇಲಕ್ಕೆ ಎದ್ದಿತ್ತು. ಅದು ಗೋಡೆಯ ಬಣ್ಣ, ಉಜ್ಜಿಕೊಂಡು ಹೋದಾಗ ಮೆತ್ತಿಕೊಂಡದ್ದು. ಐಸೋಪ್ರೊಪೈಲ್ ಆಲ್ಕೋಹಾಲ್ ತೊಯಿಸಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ, ಉಳಿದದ್ದನ್ನು ಅಂಟಿದ ಕೊಳೆ ಎತ್ತುವ ಜೇಡಿಯುಂಡೆಯಂಥ ಕ್ಲೇ ಬಾರ್‌ನಿಂದ ಎತ್ತಿದೆ. ಅಡಿಯಲ್ಲಿ ಸಿಕ್ಕಿದ್ದು ನಾಲ್ಕೇ ನಾಲ್ಕು ಸಣ್ಣ ಗೆರೆ.

ಉಜ್ಜಲೇಬೇಕಾದಾಗ ಎಲ್ಲಕ್ಕಿಂತ ಮೃದುವಾದದ್ದರಿಂದ ಶುರು ಮಾಡುತ್ತೇನೆ: ನಯ ಪಾಲಿಶ್, ಮೆತ್ತನೆಯ ಫೋಮ್ ಪ್ಯಾಡ್, ತಿರುಗುತ್ತಲೇ ಅಲುಗುವ ಡ್ಯುಯಲ್ ಆಕ್ಷನ್ ಮೆಷಿನ್. ಮೊದಲು ಅಂಗೈಯಗಲ ಜಾಗದಲ್ಲಿ ಮಾತ್ರ. ಅದರಿಂದ ಆಗದಿದ್ದರೆ ಕಾಂಪೌಂಡ್. ಅದಕ್ಕೂ ಬಗ್ಗದಿದ್ದರೆ, ಮೀಟರ್ ಒಪ್ಪಿದರೆ ಮಾತ್ರ, ನೀರಿನಲ್ಲಿ ನೆನೆಸಿದ 3000 ನಂಬರಿನ ವಾಟರ್ ಪೇಪರ್. ಇನ್ನೂ ಒರಟಾದ 2000ಕ್ಕೆ ಇಳಿಯುವುದು ಅಪರೂಪ. ಉಬ್ಬುಗೆರೆ ಮತ್ತು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚುತ್ತೇನೆ. ಬಣ್ಣ ಹಸಿಯಾಗಿದ್ದಾಗ ಅಂಚಿನಿಂದ ಸರಿದುಹೋಗುವುದರಿಂದ ಅಲ್ಲಿ ಲೇಪ ಮೊದಲೇ ತೆಳು, ಪ್ಯಾಡಿನ ಒತ್ತಡವೆಲ್ಲ ಬೀಳುವುದೂ ಅಲ್ಲಿಯೇ. ನನ್ನ ನೀಲಿ ಬಾಗಿಲು ಹೋದದ್ದು ಹೀಗೆ. ಇನ್ನು, ಬಿಸಿಲಿನಲ್ಲಿ ಕಾದ ಲೋಹದ ಮೇಲೆ ಕಾಂಪೌಂಡ್ ಒಣಗಿ ಅದೇ ಹೊಸ ಗೆರೆ ಎಳೆಯುತ್ತದೆ. ಅಂಗೈ ಇಟ್ಟರೆ ತಣ್ಣಗಿರಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್ ಸೋಕಿಸಲೇಬಾರದು, ಉಜ್ಜಿದ ಜಾಗ ಮಾತ್ರ ಹೊಳೆದು ಶಾಶ್ವತ ಕಲೆಯಾಗುತ್ತದೆ.

ಬಹಳ ತಡವಾಗಿ ಅರ್ಥವಾದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಕ್ಲಿಯರ್ ಕೋಟ್‌ನೊಳಗಿನ ಗೀರು ಕಣ್ಣಿಗೆ ಬೀಳುವುದು ಆಳಕ್ಕಿಂತ ಹೆಚ್ಚಾಗಿ ಅದರ ಚೂಪು ಅಂಚುಗಳು ಬೆಳಕನ್ನು ಚೆದುರಿಸುವುದರಿಂದ. ಆ ಅಂಚುಗಳನ್ನು ದುಂಡಗೆ ಮಾಡಿದರೂ ಸಾಕು, ಗೀರು ಅಲ್ಲೇ ಇದ್ದರೂ ಮುಕ್ಕಾಲು ಪಾಲು ಕಣ್ಮರೆಯಾಗುತ್ತದೆ. ತಳ ಮುಟ್ಟುವ ಅಗತ್ಯವೇ ಇಲ್ಲ. ಕೊನೆಯ ಕಾಲು ಪಾಲಿಗಾಗಿ ಕಳೆದುಕೊಳ್ಳುವ ಲೇಪ, ಮೊದಲ ಮುಕ್ಕಾಲಿಗೆ ಕಳೆದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು.

ಆಳದ ಗೀರಿಗೆ ಕೆರೆಯುವುದಕ್ಕಿಂತ ತುಂಬುವುದು ಲೇಸು. ಬಣ್ಣದ ಕೋಡ್ ಸಾಮಾನ್ಯವಾಗಿ ಬಾಗಿಲಿನ ಕಂಬದಲ್ಲೋ ಎಂಜಿನ್ ಕೋಣೆಯಲ್ಲೋ ಇರುವ ಪಟ್ಟಿಯಲ್ಲಿ ಸಿಗುತ್ತದೆ. ಗೀರನ್ನು ಆಲ್ಕೋಹಾಲ್‌ನಿಂದ ಒರೆಸಿ ಜಿಡ್ಡು ತೆಗೆಯಬೇಕು, ಲೋಹ ಕಂಡಲ್ಲಿ ಪ್ರೈಮರ್ ಸೋಕಿಸಬೇಕು. ಟಚ್ ಅಪ್ ಬಾಟಲಿಯ ಮುಚ್ಚಳದಲ್ಲಿ ಬರುವ ಕುಂಚವನ್ನು ನಾನು ಬಳಸುವುದಿಲ್ಲ, ಅದು ಗೀರಿಗಿಂತ ನಾಲ್ಕು ಪಟ್ಟು ಅಗಲ. ಹಲ್ಲುಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ, ಹನಿಯನ್ನು ಗೀರಿನ ಒಂದು ತುದಿಗೆ ಮುಟ್ಟಿಸಿದರೆ ಅದು ತಾನಾಗಿ ತೋಡಿನಲ್ಲಿ ಹರಿಯುತ್ತದೆ. ಒಣಗಿದಾಗ ಕುಗ್ಗಿ ಒಳಕ್ಕೆ ಇಳಿಯುತ್ತದೆ. ಮತ್ತೆ ಒಂದು ಹನಿ, ಮತ್ತೆ ಕಾಯುವುದು. ಕೊನೆಗೆ ಕ್ಲಿಯರ್ ತುಂಬಿ ಸುತ್ತಲಿಗಿಂತ ಕೂದಲಿನಷ್ಟು ಮೇಲೆ ನಿಂತಾಗ ಕೆಲವು ದಿನ ಗಟ್ಟಿಯಾಗಲು ಬಿಟ್ಟು, ಪುಟ್ಟ ಬ್ಲಾಕಿಗೆ ಸುತ್ತಿದ 3000 ಪೇಪರ್‌ನಿಂದ ಸಮ ಮಾಡುತ್ತೇನೆ. ಮೆಟಾಲಿಕ್ ಬಣ್ಣದಲ್ಲಿ ಎಷ್ಟೇ ಜೋಪಾನ ಮಾಡಿದರೂ ಹತ್ತಿರದಿಂದ ಗುರುತು ತಿಳಿಯುತ್ತದೆ. ಸ್ಪ್ರೇ ಮಾಡಿದಾಗ ಲೋಹದ ಚೂರುಗಳು ಮಲಗುವ ರೀತಿಯೇ ಬೇರೆ, ಹನಿಯೊಳಗೆ ನಿಲ್ಲುವ ರೀತಿಯೇ ಬೇರೆ. ಇದನ್ನು ಕೆಲಸಕ್ಕೆ ಮುಂಚೆಯೇ ಹೇಳಿಬಿಡುತ್ತೇನೆ.

ಎಣ್ಣೆಯಂಶ ಹೆಚ್ಚಿರುವ ಗ್ಲೇಜ್ ಸವರಿ ಗೀರು ಮುಚ್ಚಿ ಕಾರು ಒಪ್ಪಿಸುವವರ ಮೇಲೆ ನನಗೆ ಸಿಟ್ಟಿದೆ. ನಾಲ್ಕು ಸಲ ತೊಳೆದರೆ ಎಲ್ಲ ಗೀರುಗಳೂ ಎದ್ದು ಬರುತ್ತವೆ. ಮುಚ್ಚುವುದು ತಪ್ಪಲ್ಲ, ಮುಚ್ಚಿದ್ದೇನೆ ಎಂದು ಹೇಳದಿರುವುದು ತಪ್ಪು. ಅದಕ್ಕೇ ಕೆಲಸ ಮುಗಿದ ಮೇಲೆ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಜಿಡ್ಡೆಲ್ಲ ಒರೆಸಿ, ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತೇನೆ. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಎಲ್ಲ ಕಾರೂ ಚೆಂದ.

ಕಳೆದ ವಾರ ಬಂದಿದ್ದ ಕಪ್ಪು ಕಾರಿನ ಡಿಕ್ಕಿಯ ಮೇಲೆ ಮೂರು ಗೀರುಗಳಿದ್ದವು. ಎರಡು ಹೋದವು, ಒಂದು ಮಸುಕಾಗಿ ಉಳಿಯಿತು. ಹೊಸದಾಗಿ ಸೇರಿದ ಹುಡುಗ ಮೆಷಿನ್ ಕೆಳಗಿಡದೆ, "ಇನ್ನೊಂದೇ ಒಂದು ಸುತ್ತು, ಅಣ್ಣಾ" ಎಂದ. ಮೀಟರ್ ಅವನ ಕೈಗೆ ಕೊಟ್ಟೆ. 96 ತೋರಿಸಿತು, ಶುರುವಿನಲ್ಲಿ 104 ಇತ್ತು. ಮಾಲೀಕರು ಬಂದಾಗ ಅವನೇ ಟಾರ್ಚ್ ಹಿಡಿದು ಉಳಿದ ಗೆರೆಯನ್ನು ತೋರಿಸಿದ, ಎರಡೂ ಅಂಕಿಗಳನ್ನು ಬರೆದ ಚೀಟಿಯನ್ನು ಕಾರಿನ ಕಾಗದಪತ್ರಗಳ ಜೊತೆಗೆ ಇಟ್ಟ.